ಗಂಡಸ್ತನ, ಪೂರ್ವಗ್ರಹ ಮತ್ತು ಹಿಂಸೆ: ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಯುವಕರನ್ನು ಕುರಿತು

ಗಂಡಾಗಿ ಹುಟ್ಟುವುದು ಬೇರೆ, ಗಂಡಸು ಅನ್ನಿಸಿಕೊಳ್ಳುವುದು ಬೇರೆ. ಎರಡನೆಯದನ್ನು ಹುಡುಗ ನಾಲ್ಕು ಜನರ ಎದುರು ತೋರಿಸಿಯೇ ಗಳಿಸಬೇಕು, ಗಳಿಸಿದ ಮೇಲೂ ಕಳೆದುಕೊಳ್ಳುವ ಭಯ ತಪ್ಪುವುದಿಲ್ಲ. ಬಳ್ಳಾರಿ ಸೀಮೆಯಲ್ಲಿ ಈ ಪಾಠದ ಬಹುಭಾಗ ಬೈಗುಳದಲ್ಲೇ ನಡೆಯುತ್ತದೆ. ಜಗಳದಿಂದ ಹಿಂದೆ ಸರಿದವನಿಗೆ 'ಬಳೆ ತೊಟ್ಕೊಂಡು ಮನ್ಯಾಗ ಕುಂದ್ರು' ಎನ್ನುತ್ತಾರೆ. ಕಣ್ಣೀರು ಹಾಕುವ ಹುಡುಗನಿಗೆ 'ಹೆಣ್ಮಕ್ಕಳ ಗತೆ ಅಳ್ತಿಯೇನಲೇ' ಎಂಬ ಮೂದಲಿಕೆ, ಎದುರಾಳಿಗೆ 'ಗಂಡಸಾದ್ರ ಬಾರಲೇ' ಎಂಬ ಸವಾಲು. ಈ ಮಾತುಗಳನ್ನು ಏಕಾಂತದಲ್ಲಿ ಯಾರೂ ಆಡುವುದಿಲ್ಲ. ಕೇಳಿಸಿಕೊಳ್ಳುವ ಗೆಳೆಯರು ಸುತ್ತ ಇರಲೇಬೇಕು. ಯುವಕರ ಹಿಂಸೆಯ ಅಧ್ಯಯನದಲ್ಲಿ ಎದ್ದು ಕಾಣಬೇಕಾದ ಸಂಗತಿ ಇದೇ: ಏಟು ಬೀಳುವುದು ಒಬ್ಬರಿಗೆ, ಅದನ್ನು ತೋರಿಸುವುದು ಇನ್ನೊಬ್ಬರಿಗೆ.

ಸಮಾಜಶಾಸ್ತ್ರಜ್ಞೆ ಆರ್. ಡಬ್ಲ್ಯು. ಕಾನೆಲ್ 1995ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗಂಡಸ್ತನ ಒಂದಲ್ಲ, ಹಲವು ಎಂದು ವಾದಿಸಿದರು. ಪ್ರತಿ ಸಮಾಜದಲ್ಲೂ ಒಂದು ಬಗೆಯ ಗಂಡಸ್ತನ ಯಜಮಾನಿಕೆ ನಡೆಸುತ್ತದೆ, ಉಳಿದವು ಅದಕ್ಕೆ ತಲೆಬಾಗುತ್ತವೆ ಅಥವಾ ಅದರ ನಗೆಪಾಟಲಿಗೆ ಗುರಿಯಾಗುತ್ತವೆ. ಪೂರ್ವಗ್ರಹದ ಬಗ್ಗೆ 1954ರಲ್ಲೇ ಬರೆದ ಮನೋವಿಜ್ಞಾನಿ ಗೋರ್ಡನ್ ಆಲ್‌ಪೋರ್ಟ್ ಕೀಳುಮಾತಿನಿಂದ ದೂರವಿಡುವಿಕೆಗೆ, ತಾರತಮ್ಯಕ್ಕೆ, ಕೈಮಾಡುವುದಕ್ಕೆ, ಕೊನೆಗೆ ನಿರ್ನಾಮಕ್ಕೆ ಏರುವ ಮೆಟ್ಟಿಲುಗಳನ್ನು ಗುರುತಿಸಿದರು. ಈ ಎರಡು ವಿಚಾರಗಳನ್ನು ಜೋಡಿಸದೆ ಕರ್ನಾಟಕದ ಅನುಭವ ಅರ್ಥವಾಗುವುದು ಕಷ್ಟ. ತೋಳೇರಿಸಲು ಗಂಡಸ್ತನ ಒತ್ತಡ ತರುತ್ತದೆ. ಯಾರ ಮೇಲೆ ಏರಿಸಿದರೆ ದಕ್ಕುತ್ತದೆ ಎಂಬುದನ್ನು ಪೂರ್ವಗ್ರಹ ತಿಳಿಸಿಕೊಡುತ್ತದೆ.

ಬಳ್ಳಾರಿ ನಗರದ ಯುವಕರಿಗೆ ಗಂಡಸಿನ ಹೊಸ ಮಾದರಿಯನ್ನು ಕೊಟ್ಟದ್ದು ಈ ಶತಮಾನದ ಮೊದಲ ದಶಕದ ಗಣಿಗಾರಿಕೆ. ಚೀನಾದಿಂದ ಬೇಡಿಕೆ ಏರಿದಂತೆ ಸಂಡೂರು, ಹೊಸಪೇಟೆ ಸುತ್ತಲಿನ ಕಬ್ಬಿಣದ ಅದಿರು ಹಗಲುರಾತ್ರಿ ಲಾರಿಗಳಲ್ಲಿ ಬಂದರುಗಳ ಕಡೆಗೆ ಹರಿಯಿತು. ಟಿಪ್ಪರ್ ಓಡಿಸುವವನಿಂದ ಹಿಡಿದು ಲಾರಿ ಮಾಲೀಕನವರೆಗೆ ಓದಿಲ್ಲದ ಹುಡುಗರ ಕೈಯಲ್ಲೂ ನೋಟು ಆಡಿತು. ಬಿಳಿ ಅಂಗಿ, ಕೊರಳಲ್ಲಿ ಬಂಗಾರದ ಸರ, ದೊಡ್ಡ ಕಾರು, ಹಿಂದೆ ಮುಂದೆ ಹುಡುಗರ ದಂಡು: 'ಹವಾ' ಎಂದರೆ ಇದು. ದುಡಿಮೆಗಿಂತ ದರ್ಪಕ್ಕೆ ಬೆಲೆ ಬಂತು. ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ನೇತೃತ್ವದ ಲೋಕಾಯುಕ್ತ ವರದಿಗಳು (2008 ಮತ್ತು 2011) ಅಕ್ರಮವನ್ನು ಬಯಲಿಗೆಳೆದವು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಹಿಡಿಯಿತು. ಲಾರಿಗಳು ಸಾಲುಗಟ್ಟಿ ನಿಂತವು, ಕಂತು ಕಟ್ಟಲಾಗದವರು ಬೀದಿಗೆ ಬಂದರು. ಮುಂದೆ ಗಣಿಗಾರಿಕೆ ಮಿತಿಯೊಳಗೆ ಮತ್ತೆ ಶುರುವಾಯಿತು, ಹಳೆಯ ಅಬ್ಬರ ಮರಳಲಿಲ್ಲ. ಆದಾಯ ಹೋದರೂ ಮಾದರಿ ಮಾತ್ರ ಉಳಿಯಿತು. ಈಗ ಅದನ್ನು ಹಣವಿಲ್ಲದೆ ನಟಿಸಬೇಕು, ಅದಕ್ಕೆ ಸುಲಭವಾಗಿ ಸಿಗುವ ಸಾಧನ ಜಗಳ. ಅದೇ ನಗರದ ಜೀನ್ಸ್ ಹೊಲಿಗೆ ಘಟಕಗಳಲ್ಲಿ ದುಡಿಯುವ ಸಾವಿರಾರು ಹುಡುಗರಿಗೆ ಇಂಥ 'ಹವಾ' ಎಂದೂ ಇರಲಿಲ್ಲ, ಪತ್ರಿಕೆಗಳು ಅವರತ್ತ ನೋಡಿದ್ದೂ ಕಡಿಮೆ.

ಸಿರುಗುಪ್ಪ, ಕುರುಗೋಡು ತಾಲೂಕುಗಳ ಕಥೆ ಭತ್ತದ್ದು. ತುಂಗಭದ್ರಾ ಅಣೆಕಟ್ಟೆಯ ನೀರು ಐವತ್ತರ ದಶಕದಿಂದ ಕಾಲುವೆಯಲ್ಲಿ ಹರಿಯತೊಡಗಿತು. ಆಂಧ್ರದಿಂದ ಬಂದ ರೈತರ 'ಕ್ಯಾಂಪು'ಗಳು, ಅಕ್ಕಿ ಗಿರಣಿಗಳು ಬೆಳೆದವು. ನೀರಾವರಿ ಭೂಮಿ ಉಳ್ಳವರ ಕೈಗೆ ಬಲ ಬಂತು. ಭೂಮಿ ಇಲ್ಲದವರ ಪಾಲಿಗೆ ನಾಟಿ, ಕೊಯ್ಲಿನ ಕೂಲಿ ಉಳಿದಿತ್ತು. ಕೊಯ್ಲು ಯಂತ್ರ ಗದ್ದೆಗಿಳಿದ ಮೇಲೆ ಗಂಡಾಳಿನ ಕೆಲಸದ ದಿನಗಳೂ ಕರಗಿದವು. 2011ರ ಜನಗಣತಿಯಂತೆ ಅವಿಭಜಿತ ಬಳ್ಳಾರಿ ಜಿಲ್ಲೆಯ ಸಾಕ್ಷರತೆ ಶೇ. 67.43, ಗಂಡಸರದ್ದು ಶೇ. 76ರ ಮೇಲೆ, ಹೆಂಗಸರದ್ದು ಶೇ. 58ರ ಆಸುಪಾಸು. ಹಿಂದಿನ ತಲೆಮಾರಿನ ಅಂತರ ಇದು. ಈಗಿನ ಹುಡುಗಿಯರು ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಾದ್ಯಂತ ವರ್ಷವರ್ಷವೂ ಹುಡುಗರನ್ನು ಹಿಂದಿಕ್ಕುತ್ತಿದ್ದಾರೆ. ತುಂಡು ಭೂಮಿಯ ರೈತನ ಮಗನಿಗೆ ಹೆಣ್ಣು ಕೊಡುವವರಿಲ್ಲ ಎಂಬ ಕೊರಗು ರಾಜ್ಯದ ಉದ್ದಗಲಕ್ಕೂ ಕೇಳುತ್ತದೆ. ಮಂಡ್ಯ ಕಡೆಯ ಅವಿವಾಹಿತ ಯುವಕರು 2023ರಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ನಗುವ ವಿಷಯವಾಗಿ ಸುದ್ದಿಯಾಯಿತು. ಅದು ನಗುವ ವಿಷಯವಲ್ಲ. ಸಂಪಾದನೆ ಮತ್ತು ಮದುವೆ, ಗಂಡಸು ಅನ್ನಿಸಿಕೊಳ್ಳಲು ಹಳ್ಳಿ ಒಪ್ಪಿದ್ದ ಎರಡು ಶಾಂತ ದಾರಿಗಳು ಒಟ್ಟಿಗೇ ಇಕ್ಕಟ್ಟಾಗಿವೆ.

ಆದರೆ ಬಡತನವೊಂದೇ ಹಿಂಸೆಯನ್ನು ಹುಟ್ಟಿಸುವುದಿಲ್ಲ. ಹಾಗೆ ಹುಟ್ಟಿಸುವುದಾದರೆ ಜೀನ್ಸ್ ಹೊಲಿಯುವ ಹುಡುಗರ ಕೈಯಲ್ಲೇ ಮೊದಲು ಕಾಣಬೇಕಿತ್ತು. ನಡುವೆ ಜಾತಿ ಬರುತ್ತದೆ. ಜಾತಿ ಉಳಿಯುವುದು ಸ್ವಜಾತಿ ವಿವಾಹದಿಂದ, ಸ್ವಜಾತಿ ವಿವಾಹ ಉಳಿಯುವುದು ಹೆಣ್ಣಿನ ಮೇಲಿನ ಕಾವಲಿನಿಂದ ಎಂದು ಬಿ. ಆರ್. ಅಂಬೇಡ್ಕರ್ 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲೇ ತೋರಿಸಿದ್ದರು. ಕಾವಲುಗಾರರು ಬೇಕೆಂದರೆ ಮನೆಯ ಗಂಡುಮಕ್ಕಳೇ ಆಗಬೇಕು. ತಂಗಿ ಯಾರ ಬೈಕಿನ ಹಿಂದೆ ಕೂತಳು, ಯಾರೊಡನೆ ಫೋನಿನಲ್ಲಿ ಮಾತಾಡಿದಳು ಎಂಬುದನ್ನು ಗೆಳೆಯರು ಅಣ್ಣನಿಗೆ ವರದಿ ಮಾಡುವಾಗ ಪರೀಕ್ಷೆಗೆ ನಿಲ್ಲುವವನು ಅಣ್ಣ. ಅನ್ಯಜಾತಿಯ ಹುಡುಗನನ್ನು ಪ್ರೀತಿಸಿದ ಮಗಳನ್ನು ಕಾಲುವೆಗೆ ತಳ್ಳಿ ಕೊಂದ ಆರೋಪದ ಮೇಲೆ 2022ರ ಅಂತ್ಯದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತಂದೆಯೊಬ್ಬನ ಬಂಧನವಾಯಿತು. ಪತ್ರಿಕೆಗಳು ಇದನ್ನು 'ಮರ್ಯಾದೆಗೇಡು ಹತ್ಯೆ' ಎಂದು ಕರೆದವು. ಕಾಪಾಡಲು ಹೊರಟ ಮರ್ಯಾದೆ ಗಂಡಸರದ್ದು, ಹೋದ ಜೀವ ಹೆಣ್ಣಿನದು. ಇಂಥ ಪ್ರಕರಣಗಳನ್ನು ತಡೆಯಲು ಪೊಲೀಸರು ಏನು ಮಾಡಬೇಕೆಂದು ಸುಪ್ರೀಂ ಕೋರ್ಟ್ 2018ರ ಶಕ್ತಿವಾಹಿನಿ ಪ್ರಕರಣದಲ್ಲಿ ವಿವರವಾಗಿ ಹೇಳಿ ಆಗಿತ್ತು.

ಗಂಡಸ್ತನಕ್ಕೆ ಪೂರ್ವಗ್ರಹ ಗುರಿ ತೋರಿಸುವುದು ಹೇಗೆ ಎಂಬುದಕ್ಕೆ ತುಂಗಭದ್ರೆಯ ಆಚೆ ದಡದ ಮರಕುಂಬಿಗಿಂತ ಸ್ಪಷ್ಟವಾದ ನಿದರ್ಶನ ಈ ಸೀಮೆಯಲ್ಲಿ ಸಿಗದು. ಕಂಪ್ಲಿಯಲ್ಲಿ ಹೊಳೆ ದಾಟಿದರೆ ಗಂಗಾವತಿ. ಅದೇ ತಾಲೂಕಿನ ಹಳ್ಳಿ ಮರಕುಂಬಿ. 2014ರ ಆಗಸ್ಟ್ 28ರಂದು ಪುನೀತ್ ರಾಜ್‌ಕುಮಾರ್ ಅಭಿನಯದ 'ಪವರ್' ಚಿತ್ರ ಬಿಡುಗಡೆಯಾಯಿತು. ಗಂಗಾವತಿಯ ಚಿತ್ರಮಂದಿರದ ಮುಂದೆ ಟಿಕೆಟ್ ವಿಚಾರಕ್ಕೆ ನೂಕಾಟ, ಹೊಡೆದಾಟ ಆಯಿತು. ಮೊದಲ ದಿನದ ಮೊದಲ ಆಟಕ್ಕೆ ನಿಲ್ಲುವ ಸಾಲು ಪೂರ್ತಿ ಗಂಡುಹುಡುಗರದ್ದು. ಅಲ್ಲಿ ಪೆಟ್ಟು ತಿಂದರೆ ನೋವಿಗಿಂತ ನೋಡಿದವರ ಲೆಕ್ಕ ದೊಡ್ಡದು. ಆ ಜಗಳ ಪಟ್ಟಣದಲ್ಲೇ ಮುಗಿಯಬಹುದಿತ್ತು. ಅದು ಊರಿಗೆ ಬಂತು, ದಲಿತರ ಕೇರಿಗೆ ನುಗ್ಗಿತು. ಜನರನ್ನು ಥಳಿಸಲಾಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. ಥೇಟರಿನ ಅವಮಾನಕ್ಕೆ ಕೇರಿ ಬೆಲೆ ತೆರಬೇಕಾದದ್ದು ಯಾಕೆ ಎಂಬುದಕ್ಕೆ ಉತ್ತರ ಆ ದಿನದ ಘಟನೆಯಲ್ಲಿಲ್ಲ. ಯಾರು ತಿರುಗಿ ಹೊಡೆಯಲಾರರು, ಯಾರ ಪರವಾಗಿ ಊರು ಮಾತಾಡದು ಎಂಬ ಹಳೆಯ ತಿಳಿವಳಿಕೆಯಲ್ಲಿದೆ. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ 5 ವರ್ಷಗಳ ಶಿಕ್ಷೆ ವಿಧಿಸಿತು. ಮೂವರಿಗೆ ಕಡಿಮೆ ಶಿಕ್ಷೆಯಾದದ್ದು ಅವರಿಗೆ 1989ರ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸದ ಕಾರಣ. ಮೇಲ್ಮನವಿಯ ಹಂತದಲ್ಲಿ ಹೈಕೋರ್ಟಿನ ಧಾರವಾಡ ಪೀಠ ಬಹುಪಾಲು ಜನರಿಗೆ ಜಾಮೀನು ನೀಡಿತು. ಶಿಕ್ಷೆಯ ಸಂಖ್ಯೆಯನ್ನು ಕಂಡು ನಾಡು ಬೆರಗಾಯಿತು. ಸಂಶೋಧಕರಿಗೆ ಆ ಸಂಖ್ಯೆ ಇನ್ನೊಂದನ್ನು ಹೇಳುತ್ತದೆ: ನೂರು ಜನ ಸೇರಿದ ಹಿಂಸೆಯನ್ನು ಯಾರೋ ಒಬ್ಬ ಪುಂಡನ ಸ್ವಭಾವದಿಂದ ವಿವರಿಸಲಾಗದು.

ಬೀದಿಯ ಹಿಂಸೆಗೆ ಮನೆಯೊಳಗೇ ಅಭ್ಯಾಸ ನಡೆದಿರುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರ ಪೈಕಿ ಶೇ. 44.4ರಷ್ಟು ಮಂದಿ ಗಂಡನ ಹಿಂಸೆ ಅನುಭವಿಸಿದ್ದರು. ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 20.6 ಇತ್ತು. ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅಡುಗೆ ಕೆಡಿಸಿದರೆ, ಅತ್ತೆಮಾವಂದಿರಿಗೆ ಅಗೌರವ ತೋರಿದರೆ ಮುಂತಾದ ಏಳು ಕಾರಣಗಳನ್ನು ಮುಂದಿಟ್ಟು ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂದು ಕೇಳಿದಾಗ, ಒಂದಲ್ಲ ಒಂದು ಕಾರಣಕ್ಕೆ ಸರಿ ಎಂದ ಗಂಡಸರು ಶೇ. 81.9. ದೇಶದಲ್ಲೇ ಅತಿ ಹೆಚ್ಚು. ಒಪ್ಪಿದ ಹೆಂಗಸರು ಶೇ. 76.9. ಇಷ್ಟು ವ್ಯಾಪಕ ಒಪ್ಪಿಗೆ ಇರುವಲ್ಲಿ ಹೊಡೆಯುವವನು ಸಮಾಜದ ದಾರಿ ತಪ್ಪಿದವನಲ್ಲ, ಸಮಾಜ ಕಲಿಸಿದ್ದನ್ನು ಒಪ್ಪಿಸುವವನು.

ಸಿನಿಮಾವನ್ನು ದೂರುವುದು ಸುಲಭ, ಸಾಲದು. ಅನಂತಪುರ, ಕರ್ನೂಲು ಜಿಲ್ಲೆಗಳಿಗೆ ಅಂಟಿಕೊಂಡ ಬಳ್ಳಾರಿಯಲ್ಲಿ ತೆಲುಗು ಚಿತ್ರಗಳು ಕನ್ನಡ ಚಿತ್ರಗಳಷ್ಟೇ ಓಡುತ್ತವೆ. 1999ರ 'ಸಮರಸಿಂಹ ರೆಡ್ಡಿ'ಯ ನಂತರ ರಾಯಲಸೀಮೆಯ ಫ್ಯಾಕ್ಷನ್ ಜಗಳ, ತೊಡೆ ತಟ್ಟುವ ನಾಯಕ, ಮೀಸೆ ತಿರುವುವ ದೃಶ್ಯ ಒಂದು ಪ್ರಕಾರವೇ ಆಯಿತು. ಆದರೆ ಪರದೆಯ ಮೇಲಿನ ಮಚ್ಚಿಗಿಂತ ಪರದೆಯ ಮುಂದಿನ ಅಭಿಮಾನಿಗಳ ಸಂಘಟನೆ ಅಧ್ಯಯನಕ್ಕೆ ಹೆಚ್ಚು ಅರ್ಹ. ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ 2024ರ ಜೂನ್‌ನಲ್ಲಿ ಬಂಧಿತರಾದ ನಟ ದರ್ಶನ್ ಅವರನ್ನು ಆಗಸ್ಟ್ ಕೊನೆಗೆ ಬಳ್ಳಾರಿ ಕೇಂದ್ರ ಕಾರಾಗೃಹಕ್ಕೆ ತಂದಾಗ ಜೈಲಿನ ಮುಂದೆ ಅಭಿಮಾನಿಗಳು ನೆರೆದರು. ಅಪರಾಧ ಯಾರದ್ದೆಂದು ತೀರ್ಮಾನಿಸುವುದು ನ್ಯಾಯಾಲಯಕ್ಕೆ ಬಿಟ್ಟದ್ದು. ನಟನ ಗೆಳತಿಗೆ ಅಶ್ಲೀಲ ಸಂದೇಶ ಕಳಿಸಿದ್ದೇ ಕೊಲೆಗೆ ಕಾರಣ ಎಂಬುದು ಪೊಲೀಸರ ಆರೋಪ. ಸತ್ತವನೂ ಸಾಮಾನ್ಯ ಮನೆಯ ಹುಡುಗ, ಆರೋಪಿಗಳಲ್ಲಿ ಹಲವರೂ ಅಂಥವರೇ. ಹೆಣ್ಣಿಗೆ ಹಾಗೆ ಸಂದೇಶ ಕಳಿಸುವ ಧೈರ್ಯ ಮತ್ತು ಕಳಿಸಿದವನಿಗೆ 'ಬುದ್ಧಿ ಕಲಿಸಬೇಕು' ಎಂಬ ಹುರುಪು ಎರಡೂ ಒಂದೇ ಬೇರಿನವು.

ಪೂರ್ವಗ್ರಹಕ್ಕೆ ಗುರಿಯಾಗುವವರು ಹೆಂಗಸರು, ದಲಿತರು ಮಾತ್ರವಲ್ಲ. ಗಂಡಸ್ತನದ ಗೆರೆ ದಾಟಿದ ಗಂಡೂ ಪೆಟ್ಟು ತಿನ್ನುತ್ತದೆ. ಕುರುಗೋಡು ಸೀಮೆಯ ಕಲ್ಲುಕಂಬದಲ್ಲಿ ಗಂಡುಮಗುವಾಗಿ ಹುಟ್ಟಿದ ಮಂಜಮ್ಮ ಜೋಗತಿ ಹದಿಹರೆಯದಲ್ಲಿ ಹೆಣ್ಣಿನ ನಡೆನುಡಿ ತೋರಿದಾಗ ಮನೆಯವರು ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿ ದೇವಿಗೆ ಬಿಟ್ಟರು. ಮನೆಬಿಟ್ಟ ಮೇಲೆ ಗಂಡಸರ ಗುಂಪಿನಿಂದ ದರೋಡೆ ಮತ್ತು ಲೈಂಗಿಕ ದೌರ್ಜನ್ಯಕ್ಕೆ ಒಳಗಾದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಅವರು ಜೋಗತಿ ನೃತ್ಯದಲ್ಲಿ ಹೆಸರಾದರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿ ಭವನದಲ್ಲಿ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ನಿವಾಳಿಸಿದ ಅವರನ್ನು ಕಂಡು ಜಿಲ್ಲೆ ಹೆಮ್ಮೆಪಟ್ಟಿತು. ಹೀಗೆ ದೇವಿಗೆ ಬಿಟ್ಟ ಜೋಗಪ್ಪನಿಗೆ ಗುಡಿಯ ಮುಂದೆ ಕೈಮುಗಿಯುವ ಊರೇ ಬಸ್ ನಿಲ್ದಾಣದಲ್ಲಿ ಅವನನ್ನು ರೇಗಿಸುತ್ತದೆ. ಒಂದೇ ಸಮಾಜದಲ್ಲಿ ಭಕ್ತಿ, ಹಿಂಸೆ ಎರಡೂ ಜೊತೆಜೊತೆಗೆ ಸಾಗಬಲ್ಲವು.

ಈ ನೆಲಕ್ಕೆ ಬೇರೆ ಮಾದರಿಗಳಿಲ್ಲ ಎಂದಲ್ಲ. ಕಂಪ್ಲಿಯ ಗಂಡುಗಲಿ ಕುಮಾರರಾಮನ ಕಥೆ ನಂಜುಂಡ ಕವಿಯ ಸಾಂಗತ್ಯದಲ್ಲೂ ಜನರ ಬಾಯಲ್ಲೂ ಉಳಿದಿದೆ. ಮಲತಾಯಿ ರತ್ನಾಜಿಯ ಮೋಹವನ್ನು ನಿರಾಕರಿಸಿ, ಅವಳ ದೂರಿಗೆ ತಲೆಕೊಡಬೇಕಾಗಿ ಬಂದ ವೀರ ಅವನು. ಪರನಾರಿ ಸಹೋದರ ಎಂಬುದು ಅವನ ದೊಡ್ಡ ಬಿರುದು. ಸಂಯಮವೇ ಶೌರ್ಯ ಎನ್ನುವ ಈ ಆದರ್ಶ ಚೆಲುವಾದದ್ದು, ಆದರೆ ತೊಡಕಿಲ್ಲದ್ದಲ್ಲ: ಅದರಲ್ಲಿ ಹೆಣ್ಣು ಒಂದೋ ತಂಗಿ, ಇಲ್ಲವೇ ಗಂಡಸಿಗೆ ಕೇಡು ತರುವ ರತ್ನಾಜಿ. ಇದಕ್ಕಿಂತ ಹೆಚ್ಚು ಉಪಯುಕ್ತವಾದದ್ದು ಮೊಹರಂ ಕಾಲದ ಹಳ್ಳಿ. ಪೀರಲ ದೇವರ ಮುಂದೆ ಅಲಾಯಿ ಕುಣಿ ಎಂಬ ಬೆಂಕಿಯ ಕುಳಿಯ ಸುತ್ತ ಹಿಂದೂ, ಮುಸ್ಲಿಂ ಹುಡುಗರು ಒಟ್ಟಿಗೆ ಹೆಜ್ಜೆ ಹಾಕುತ್ತಾರೆ, ಹುಲಿವೇಷ ಕಟ್ಟುತ್ತಾರೆ, ಬೆವರುತ್ತಾರೆ. ದೇಹಬಲದ ಪ್ರದರ್ಶನವಿದೆ, ನೋಡುವವರಿದ್ದಾರೆ, ಹೊಡೆಸಿಕೊಳ್ಳುವವರಿಲ್ಲ.

ಕಾನೂನಿಗೆ ಕೊರತೆಯಿಲ್ಲ. ಕಾನೂನು ಘಟನೆಯ ನಂತರ ಬರುತ್ತದೆ, ವ್ಯಕ್ತಿಯನ್ನು ಹಿಡಿಯುತ್ತದೆ, ಗೆಳೆಯರ ಗುಂಪನ್ನು ತಿದ್ದುವುದು ಅದರ ಕೆಲಸವಲ್ಲ. ಮುಂಬಯಿಯಲ್ಲಿ ಕ್ರಿಕೆಟ್ ತರಬೇತುದಾರರ ಮೂಲಕ ಹುಡುಗರೊಡನೆ ಹೆಣ್ಣಿನ ಗೌರವದ ಬಗ್ಗೆ ಮಾತು ತೆಗೆದ 'ಪರಿವರ್ತನ್' ಕಾರ್ಯಕ್ರಮದ ಬುದ್ಧಿವಂತಿಕೆ ಇರುವುದು ಗುಂಪನ್ನು ಒಡೆಯದೆ ಗುಂಪಿನೊಳಗೇ ಮಾತು ಬದಲಿಸಲು ಹೊರಟದ್ದರಲ್ಲಿ. ಸಿರುಗುಪ್ಪ, ಕುರುಗೋಡಿನ ವಸತಿ ನಿಲಯಗಳು, ಕಬಡ್ಡಿ ತಂಡಗಳು, ಗರಡಿಮನೆಗಳು, ಅಭಿಮಾನಿ ಸಂಘಗಳು ಇಂಥ ಕೆಲಸಕ್ಕೂ ಕ್ಷೇತ್ರಕಾರ್ಯಕ್ಕೂ ತೆರೆದೇ ಇವೆ. ಹೊಡೆದವನನ್ನು ಮಾತ್ರ ಪ್ರಶ್ನಿಸುವ ಅಧ್ಯಯನಗಳು ಸಾಕು. ಮುಂದಿನ ಸಂಶೋಧಕರು ಪಕ್ಕದಲ್ಲಿ ನಿಂತು ನೋಡಿದವರನ್ನು, ಶಿಳ್ಳೆ ಹಾಕಿದವರನ್ನು ಮಾತಾಡಿಸಬೇಕು.