ಗೋಲಿಗಿಂತ ಮುಂಚೆ ಒಂದು ನೌಕರಿ

2022ರ ಡಿಸೆಂಬರ್. ಅರ್ಜೆಂಟೀನಾ ವಿಶ್ವಕಪ್ ಗೆದ್ದು ಕೆಲವೇ ದಿನ ಆಗಿತ್ತು. ಸಾಗರದ ಕಡೆ ಹೊರಟಿದ್ದವನು ಆಯನೂರಿನಲ್ಲಿ ಚಹಾ ಕುಡಿಯೋಣ ಅಂತ ಕಾರು ನಿಲ್ಲಿಸಿದೆ. ಬಸ್‌ ಸ್ಟ್ಯಾಂಡ್ ಪಕ್ಕ ಮೂವರು ಹುಡುಗರು. ಮೂವರ ಬೆನ್ನ ಮೇಲೂ ಮೆಸ್ಸಿಯ ಹತ್ತನೇ ನಂಬರು. ಗುರುತು ಹಿಡಿದ ಒಬ್ಬ ಹತ್ತಿರ ಬಂದು ಕೇಳೇಬಿಟ್ಟ: "ಸಾರ್, ಟೀವೀಲಿ ದಿನಾ ಎಲ್ಲರನ್ನೂ ಪ್ರಶ್ನೆ ಕೇಳ್ತೀರಲ್ಲ, ಇದನ್ನೂ ಒಂಚೂರು ಕೇಳಿ. ನಮ್ಮೋರು ವರ್ಲ್ಡ್ ಕಪ್ ಆಡೋದು ಯಾವಾಗ?"

ನಾಲ್ಕು ವರ್ಷಕ್ಕೊಮ್ಮೆ ನಮ್ಮ ಸ್ಟುಡಿಯೋದಲ್ಲೂ ಇದೇ ಚರ್ಚೆ ನಡೆಯುತ್ತೆ. ಒಬ್ಬರು ಕ್ರಿಕೆಟ್ ಎಲ್ಲವನ್ನೂ ನುಂಗಿಹಾಕಿತು ಅಂತಾರೆ. ಇನ್ನೊಬ್ಬರು ಫೆಡರೇಷನ್ನಿನ ರಾಜಕೀಯ ಅಂತಾರೆ. ಮತ್ತೊಬ್ಬರು ನಮ್ಮವರ ದೇಹಕ್ಕೇ ಆ ಕಸುವಿಲ್ಲ ಅಂದುಬಿಡ್ತಾರೆ. ದೇಹದ ಮಾತು ಸುಳ್ಳು. ಉಳಿದೆರಡರಲ್ಲಿ ಸತ್ಯ ಇದೆ. ಆದರೆ ಯಾರೂ ಬಾಯಿಬಿಡದ ಮಾತು ಇನ್ನೊಂದಿದೆ. ಅದನ್ನು ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ರಾಜ್ಯಕ್ಕೆ ಫುಟ್‌ಬಾಲ್ ಹೊಸದಲ್ಲ ಸ್ವಾಮಿ. 1937ರಲ್ಲಿ, ಬ್ರಿಟಿಷ್ ಸೇನೆಯ ತಂಡಗಳೇ ಮೆರೆಯುತ್ತಿದ್ದ ಮುಂಬೈನ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಯಾವುದು ಗೊತ್ತಾ? ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ಎದುರು 1-2ರಲ್ಲಿ ಸೋತಿತು. ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನ ಆಟಗಾರ. ಆಗಿನ ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಎತ್ತಿತ್ತು.

ಇದೆಲ್ಲದರ ನಂತರ ಬಂದದ್ದು ಕಾರ್ಖಾನೆ ತಂಡಗಳ ಕಾಲ. ಎಚ್ಎಎಲ್, ಬಿಇಎಂಎಲ್, ಐಟಿಐ. ಇದರಲ್ಲಿ ಐಟಿಐ ಕಥೆಯನ್ನು ಬಿಡಿಸಿ ಹೇಳಲೇಬೇಕು.

ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಶುರುವಾಗಿದ್ದು 1948ರಲ್ಲಿ. ಹಳಬರ ಮನೆಯಲ್ಲಿ ಬೆರಳು ಹಾಕಿ ತಿರುಗಿಸುವ ಕರಿ ಫೋನು ಇತ್ತಲ್ಲ, ಅದು ತಯಾರಾಗುತ್ತಿದ್ದದ್ದು ಬೆಂಗಳೂರಿನ ದೂರವಾಣಿನಗರದ ಈ ಕಾರ್ಖಾನೆಯಲ್ಲಿ. 1977ರಲ್ಲಿ ದೇಶದ ಕ್ಲಬ್ಬುಗಳಿಗಾಗಿ ಫೆಡರೇಷನ್ ಕಪ್ ಅಂತ ಹೊಸ ಟೂರ್ನಿ ಶುರುವಾಯ್ತು. ಮೊದಲ ಫೈನಲ್ ಕೇರಳದ ಎರ್ನಾಕುಲಂನಲ್ಲಿ. ಒಂದು ಕಡೆ ಕೋಲ್ಕತ್ತಾದ ಮೋಹನ್ ಬಗಾನ್, ಇನ್ನೊಂದು ಕಡೆ ಫೋನು ಜೋಡಿಸುವವರ ತಂಡ. ಫಲಿತಾಂಶ? ಐಟಿಐ 1, ಮೋಹನ್ ಬಗಾನ್ 0.

ಬಗಾನ್ ಆ ವರ್ಷ ಸೊರಗಿತ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದೇ ವರ್ಷ ಅವರು ಐಎಫ್ಎ ಶೀಲ್ಡ್, ರೋವರ್ಸ್, ಡ್ಯುರಾಂಡ್ ಮೂರನ್ನೂ ಬಾಚಿಕೊಂಡರು. ಅದೇ ಸೆಪ್ಟೆಂಬರ್‌ನಲ್ಲಿ ಈಡನ್ ಗಾರ್ಡನ್ಸ್‌ಗೆ ನ್ಯೂಯಾರ್ಕ್ ಕಾಸ್ಮೋಸ್ ತಂಡದ ಜೊತೆ ಪೆಲೆ ಬಂದಾಗ 2-2 ಡ್ರಾ ಮಾಡಿಕೊಂಡರು. ಪೆಲೆ ತಂಡಕ್ಕೇ ಸೋಲದವರನ್ನು ನಮ್ಮ ಕಾರ್ಖಾನೆ ಹುಡುಗರು ಸೋಲಿಸಿದ್ದರು. ನಮ್ಮ ಯಾವ ಪಠ್ಯಪುಸ್ತಕದಲ್ಲಿದೆ ಇದು?

ಈ ಪವಾಡದ ಗುಟ್ಟೇನು? ಗುಟ್ಟು ಪಗಾರದ ಚೀಟಿಯಲ್ಲಿತ್ತು. ಚೆನ್ನಾಗಿ ಆಡುವ ಹುಡುಗನಿಗೆ ಕಾರ್ಖಾನೆ ನೌಕರಿ ಕೊಡುತ್ತಿತ್ತು. ಅಭ್ಯಾಸಕ್ಕೆ ಬಿಡುವು, ಟೂರ್ನಿಗೆ ರಜೆ. ಕಾಲು ಮುರಿದರೆ ಆಸ್ಪತ್ರೆ, ಮೂವತ್ತೆರಡಕ್ಕೆ ಆಟ ಮುಗಿದರೂ ಅರವತ್ತರವರೆಗೆ ಸಂಬಳ. ಮಗ ಚೆಂಡಿನ ಹಿಂದೆ ಓಡಿದರೆ ಬಡವರ ಮನೆಯ ಅಪ್ಪ ಹೊಡೆಯುತ್ತಿರಲಿಲ್ಲ. ಯಾಕೆ? ಆ ಚೆಂಡಿನ ತುದಿಯಲ್ಲಿ ಒಂದು ಕೆಲಸ ಕಾಣುತ್ತಿತ್ತು.

1991ರ ನಂತರ ಮಾರುಕಟ್ಟೆ ತೆರೆಯಿತು. ಕರಿ ಫೋನು ಹೋಯ್ತು, ಮೊಬೈಲ್ ಬಂತು. ಐಟಿಐ ನಷ್ಟಕ್ಕೆ ಬಿತ್ತು, ತಂಡವೂ ಅದರ ಜೊತೆಗೇ ಸೊರಗಿತು. ಎಚ್ಎಎಲ್ ಇನ್ನಷ್ಟು ಕಾಲ ಹೋರಾಡಿ 2010ರಲ್ಲಿ ಐ-ಲೀಗ್‌ವರೆಗೆ ಹೋಗಿ, ಎರಡು ಋತು ಆಡಿ ಕೆಳಗಿಳಿಯಿತು.

ಇದು ನಮ್ಮಲ್ಲಿ ಮಾತ್ರ ನಡೆದದ್ದು ಅಂದ್ಕೋಬೇಡಿ. ರಷ್ಯಾದಲ್ಲಿ ವೋಲ್ಗಾ ನದಿ ದಂಡೆಯ ಊರೊಂದಿದೆ. ಇವತ್ತಿನ ಹೆಸರು ವೋಲ್ಗೊಗ್ರಾದ್, ಆಗಿನ ಸ್ಟಾಲಿನ್‌ಗ್ರಾದ್. ಅಲ್ಲಿನ ಟ್ರ್ಯಾಕ್ಟರ್ ಕಾರ್ಖಾನೆಯ ಕೆಲಸಗಾರರು 1929ರಲ್ಲಿ ಒಂದು ತಂಡ ಕಟ್ಟಿದರು. ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1930ರಲ್ಲಿ! ಯುದ್ಧ ಬಂದಾಗ ಅದೇ ಕಾರ್ಖಾನೆ ಟಿ-34 ಟ್ಯಾಂಕ್ ಮಾಡಿತು, ಊರು ಪುಡಿಯಾಯಿತು. ಸ್ಟಾಲಿನ್‌ಗ್ರಾದ್ ಕದನ ಮುಗಿದದ್ದು 1943ರ ಫೆಬ್ರವರಿ 2ಕ್ಕೆ. ಸರಿಯಾಗಿ ಮೂರು ತಿಂಗಳಿಗೆ, ಮೇ 2ರಂದು, ಆ ಊರಲ್ಲಿ ಒಂದು ಫುಟ್‌ಬಾಲ್ ಪಂದ್ಯ ನಡೀತು. ಬದುಕುಳಿದ ಆಟಗಾರರನ್ನು ಸೇರಿಸಿ ಒಂದು ತಂಡ ಮಾಡಿದರು. ಮಾಸ್ಕೋದಿಂದ ಬಂದ ಸ್ಪಾರ್ಟಕ್ ತಂಡವನ್ನು 1-0ರಲ್ಲಿ ಸೋಲಿಸಿದರು.

ಆ ಕ್ಲಬ್ಬಿಗೆ 1975ರಿಂದ ರೋಟರ್ ಅಂತ ಹೆಸರು. 1995ರ ಯುಇಎಫ್ಎ ಕಪ್‌ನಲ್ಲಿ ಇವರ ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್. ತವರಿನಲ್ಲಿ 0-0. ಓಲ್ಡ್ ಟ್ರಾಫರ್ಡ್‌ನಲ್ಲಿ 2-2. ಕೊನೆ ಗಳಿಗೆಯಲ್ಲಿ ಯುನೈಟೆಡ್‌ನ ಗೋಲ್‌ಕೀಪರ್ ಪೀಟರ್ ಷ್ಮೈಕೆಲ್ ಓಡಿಬಂದು ತಲೆಯಿಂದ ಗೋಲು ಹೊಡೆದರೂ ಉಪಯೋಗ ಆಗಲಿಲ್ಲ. ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ರೋಟರ್ ಮುಂದಿನ ಸುತ್ತಿಗೆ ಹೋಯಿತು. ಯುನೈಟೆಡ್ ಆ ಋತುವಿನಲ್ಲಿ ಇಂಗ್ಲೆಂಡಿನ ಲೀಗೂ ಗೆದ್ದಿತು, ಎಫ್ಎ ಕಪ್ಪೂ ಗೆದ್ದಿತು!

ಆಮೇಲೆ? ಹೊಸ ಶತಮಾನದಲ್ಲಿ ಟ್ರ್ಯಾಕ್ಟರ್ ಕಾರ್ಖಾನೆ ದಿವಾಳಿಯಾಯಿತು. ರೋಟರ್ ಕೆಳಗಿನ ದರ್ಜೆಗೆ ಜಾರಿತು. 2018ರ ವಿಶ್ವಕಪ್‌ಗೆ ಸರ್ಕಾರ ಆ ಊರಲ್ಲಿ ಸುಮಾರು 45 ಸಾವಿರ ಜನ ಕೂರುವ ಹೊಸ ಕ್ರೀಡಾಂಗಣ ಕಟ್ಟಿಸಿತು. 2020ರಲ್ಲಿ ರೋಟರ್ ಮೇಲಿನ ದರ್ಜೆಗೆ ಹತ್ತಿತು, ಒಂದೇ ಋತುವಿನಲ್ಲಿ ಮತ್ತೆ ಇಳಿಯಿತು. ಕ್ರೀಡಾಂಗಣವನ್ನು ದುಡ್ಡು ಕೊಟ್ಟು ಕಟ್ಟಿಸಬಹುದು. ತಂಡವನ್ನು ಹಾಗೆ ಕಟ್ಟೋಕಾಗಲ್ಲ.

ಈಗ ನಮ್ಮ ಶಿವಮೊಗ್ಗ ಜಿಲ್ಲೆಗೆ ಬನ್ನಿ. ಆಯನೂರಿನಿಂದ ಭದ್ರಾವತಿ ಹೆಚ್ಚುಕಮ್ಮಿ ಒಂದು ಗಂಟೆಯ ದಾರಿ. 1923ರ ಜನವರಿಯಲ್ಲಿ ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ವಿಶ್ವೇಶ್ವರಯ್ಯನವರ ಹಠ. ಕಾರ್ಖಾನೆ ಅಂದರೆ ಬರೀ ಕುಲುಮೆ ಅಲ್ಲ. ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ, ಆಟದ ಮೈದಾನ. ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಇದೇ ಭದ್ರಾವತಿಯಲ್ಲಿ, 1949ರಲ್ಲಿ.

ಆ ಕುಲುಮೆಗೆ ನೂರು ವರ್ಷ ತುಂಬಿದ್ದು 2023ರ ಜನವರಿಯಲ್ಲಿ. ಅದೇ ತಿಂಗಳು ಉಕ್ಕು ಪ್ರಾಧಿಕಾರದ ನಿರ್ಧಾರ ಬಂತು: ವಿಐಎಸ್ಎಲ್ ಮುಚ್ಚೋದು. ಶತಮಾನೋತ್ಸವಕ್ಕೆ ಎಂಥಾ ಉಡುಗೊರೆ ನೋಡಿ! ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಅದೇ ವರ್ಷ ಬಾರ್ ಮಿಲ್ ಮತ್ತೆ ಕದಲಿತು, ಭರವಸೆಗಳೂ ಬಂದವು. ಅದೇ ಊರಿನ ಎಂಪಿಎಂ ಕಾಗದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ನಿಂತಿದ್ದವು.

"ಅಲ್ರೀ, ಫುಟ್‌ಬಾಲ್ ಆಡಿಸೋಕೆ ಅಂತ ನಷ್ಟದ ಕಾರ್ಖಾನೆ ನಡೆಸಬೇಕಾ?" ಅಂತ ನೀವು ಕೇಳಬಹುದು. ಬೇಡ. ಆದರೆ ಉಕ್ಕಿಗೂ ಆಟಕ್ಕೂ ಈಗ ಆಗಿಬರಲ್ಲ ಅನ್ನೋ ಹಾಗೂ ಇಲ್ಲ. 2013ರಲ್ಲಿ ಹುಟ್ಟಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ಬೆಂಗಳೂರು ಎಫ್‌ಸಿ ಯಾರದ್ದು? ತೋರಣಗಲ್ಲಿನಲ್ಲಿ ಉಕ್ಕು ಕರಗಿಸುವ ಜೆಎಸ್‌ಡಬ್ಲ್ಯು ಸಮೂಹದ್ದು. ಒಳ್ಳೆಯ ತಂಡ, ನಾನೂ ನೋಡ್ತೀನಿ. ಆದರೆ ಅಲ್ಲಿರೋದು ಇಪ್ಪತ್ತೈದು ಮೂವತ್ತು ಆಟಗಾರರ ಒಪ್ಪಂದ. ಇಡೀ ಊರಿನ ಹುಡುಗರಿಗೆ ಬದುಕಿನ ಭದ್ರತೆ ಅದರಿಂದ ಬರಲ್ಲ.

2023ರ ಮಾರ್ಚ್ 4ರಂದು, ಭದ್ರಾವತಿಗೆ ಆ ಸುದ್ದಿ ಬಂದು ಎರಡು ತಿಂಗಳೂ ಆಗಿರಲಿಲ್ಲ, ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ನಂತರ! ಅಂದರೆ ಪ್ರತಿಭೆ ಸತ್ತಿಲ್ಲ. ಗೆದ್ದ ಹುಡುಗನಿಗೆ ಮೂವತ್ತೆರಡನೇ ವಯಸ್ಸಿಗೆ ಏನು ಅನ್ನೋ ಪ್ರಶ್ನೆಗೆ ಮಾತ್ರ ಉತ್ತರ ಕೊಡೋರಿಲ್ಲ.

ಒಂದು ಕಾರ್ಖಾನೆ ಮುಚ್ಚುವಾಗ ನಷ್ಟದ ಪಟ್ಟಿ ಮಾಡ್ತಾರೆ. ಯಂತ್ರದ ಬೆಲೆ, ಜಮೀನಿನ ಬೆಲೆ, ಸಾಲ. ಆ ಪಟ್ಟಿಯಲ್ಲಿ ಸಂಜೆ ಐದಕ್ಕೆ ಮೈದಾನಕ್ಕೆ ಬರುತ್ತಿದ್ದ ಹುಡುಗರ ಹೆಸರು ಇರಲ್ಲ. ಅದಕ್ಕೇ ಹೇಳ್ತೀನಿ, ಮುಂದಿನ ಸಲ ಭಾರತ ವಿಶ್ವಕಪ್ ಆಡೋದು ಯಾವಾಗ ಅಂತ ಚರ್ಚೆ ಇಟ್ಟರೆ, ಕೋಚ್‌ಗಿಂತ ಮುಂಚೆ ಉಕ್ಕು ಸಚಿವರನ್ನು ಕರೆದು ಕೂರಿಸಬೇಕು.