ವೆನಿಸ್ ನಗರದಲ್ಲಿ ಎರಡು ದಿನ

ಯುರೋಪು ಖಂಡವನ್ನು ನೋಡಿಬರಲು ಹೊರಡುವ ನಮ್ಮವರಲ್ಲಿ ಬಹುಮಂದಿ ಇಟಲಿ ದೇಶಕ್ಕೆ ಆರೇಳು ದಿನಗಳನ್ನು ಕೊಟ್ಟು, ಅದರಲ್ಲಿ ವೆನಿಸ್ ನಗರಕ್ಕೆಂದು ಒಂದೇ ಹಗಲನ್ನು ತೆಗೆದಿಡುವರು. ಬೆಳಿಗ್ಗೆ ಹತ್ತು ಗಂಟೆಗೆ ಇಳಿದು, ಒಂದು ಚೌಕವನ್ನೂ ಒಂದು ಸೇತುವೆಯನ್ನೂ ಕಂಡು, ಸಂಜೆ ಐದಕ್ಕೆ ಹೊರಟುಹೋಗುವ ಈ ಪದ್ಧತಿಯಿಂದ ಕಾಲಿಗೆ ಆಯಾಸವಲ್ಲದೆ ಮನಸ್ಸಿಗೆ ಹೆಚ್ಚೇನೂ ಉಳಿಯಲಾರದು. ಸ್ವಲ್ಪ ಕಾಲದಲ್ಲಿ ಒಂದು ಊರನ್ನು ನೋಡಬೇಕೆನ್ನುವವನು ಏನನ್ನು ನೋಡಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದನ್ನು ಮೊದಲು ನಿಶ್ಚಯಿಸಬೇಕು. ಹಾಗೆ ನಿಶ್ಚಯಿಸುವುದೆಂದರೆ ಆ ಊರು ಏತಕ್ಕಾಗಿ ಹುಟ್ಟಿತು, ಏತರಿಂದ ಬಾಳಿತು ಎಂಬ ಪ್ರಶ್ನೆಗೆ ಉತ್ತರ ಹೇಳಿಕೊಂಡಂತೆಯೇ ಸರಿ. ವೆನಿಸ್ಸಿನ ವಿಷಯದಲ್ಲಿ ಆ ಉತ್ತರದ ಒಂದು ತುದಿ ನಮ್ಮ ಪಡುವಣ ಕರಾವಳಿಯಲ್ಲಿ ಸಿಕ್ಕುವುದರಿಂದ, ಕನ್ನಡಿಗರಾದ ನಾವು ಇದನ್ನು ಸ್ವಲ್ಪ ವಿಚಾರಿಸಿ ಹೊರಡುವುದು ಒಳ್ಳಿತು.

ಆಡ್ರಿಯಾಟಿಕ್ ಸಮುದ್ರದ ಉತ್ತರದ ಕೊನೆಯಲ್ಲಿ, ಮರಳುದಿಣ್ಣೆಗಳು ಅಲೆಗಳನ್ನು ತಡೆದು ನಿಲ್ಲಿಸಿರುವ ಆಳವಿಲ್ಲದ ಹಿನ್ನೀರೊಂದುಂಟು. ಐದು ಮತ್ತು ಆರನೆಯ ಶತಮಾನಗಳಲ್ಲಿ ಹೂಣರೂ ಅನಂತರ ಲೊಂಬಾರ್ಡರೂ ದಂಡೆತ್ತಿ ಬಂದಾಗ ಒಳನಾಡಿನ ಪಟ್ಟಣಗಳ ಜನರು ಈ ಕೆಸರುದ್ವೀಪಗಳಿಗೆ ಓಡಿಬಂದು ನೆಲೆಸಿದರು. ನೆಲವಿಲ್ಲದವರಿಗೆ ಬೇಸಾಯವಿಲ್ಲ, ಅವರಿಗೆ ಉಳಿದ ಜೀವನೋಪಾಯವೆಂದರೆ ಉಪ್ಪು, ಮೀನು, ದೋಣಿ, ವ್ಯಾಪಾರ. ಮರದ ಗೂಟಗಳನ್ನು ಕೆಸರಿನಲ್ಲಿ ಒತ್ತಾಗಿ ಹೂಡಿ, ಅವುಗಳ ಮೇಲೆ ಕಲ್ಲುಹಾಸಿ, ನೂರಕ್ಕೂ ಮೇಲ್ಪಟ್ಟ ಸಣ್ಣ ದ್ವೀಪಗಳನ್ನು ಸೇತುವೆಗಳಿಂದ ಹೊಲಿದು ಮಾಡಿದ ಊರು ಇದು. ಆದಕಾರಣ ಇದರ ಮುಖವೆಲ್ಲ ನೀರಿನ ಕಡೆಗೆ. ೧೮೪೬ರಲ್ಲಿ ರೈಲಿನ ಸೇತುವೆಯೂ ೧೯೩೩ರಲ್ಲಿ ರಸ್ತೆಯ ಸೇತುವೆಯೂ ಆದಂದಿನಿಂದ ಬಂದವರೆಲ್ಲ ಹಿತ್ತಿಲ ಬಾಗಿಲಿನಿಂದ ಮನೆಯನ್ನು ಹೊಕ್ಕಂತಾಗಿದೆ.

ಈ ಕೊರತೆಯನ್ನು ಸರಿಪಡಿಸುವ ಉಪಾಯವು ಸುಲಭವಾದುದೇ. ನಿಲ್ದಾಣದ ಮುಂದಿನ ಮೆಟ್ಟಿಲುಗಳನ್ನಿಳಿದೊಡನೆ ನೀರು. ಅಲ್ಲಿಂದ ಒಂದನೆಯ ಸಂಖ್ಯೆಯ ಸಾರ್ವಜನಿಕ ದೋಣಿಯು ಮಹಾಕಾಲುವೆಯ ಉದ್ದಕ್ಕೂ ನಿಂತು ನಿಂತು ಸಾಗುವುದು. ಅವಸರಪಡದೆ ಅದರಲ್ಲಿಯೇ ಹೋಗಬೇಕು. ಇಕ್ಕೆಲದ ಭವನಗಳನ್ನು ನೋಡುವಾಗ ಒಂದು ಸಂಗತಿಯನ್ನು ಗಮನಿಸಿದರೆ ಸಾಕು: ಕೆಳಗಿನ ಅಂತಸ್ತಿನಲ್ಲಿ ನೀರಿಗೆ ತೆರೆದ ದೊಡ್ಡ ಬಾಗಿಲು, ಅದರ ಹಿಂದೆ ಸರಕಿನ ಉಗ್ರಾಣ, ಮೇಲೆ ಯಜಮಾನನ ವಾಸ. ಅರಮನೆಯೆಂದು ನಾವು ಕರೆಯುವುದು ವರ್ತಕನ ಅಂಗಡಿಯೂ ಹೌದು. ಬೇರೆ ದೇಶಗಳಲ್ಲಿ ಶ್ರೀಮಂತರು ಕೋಟೆಯನ್ನು ಕಟ್ಟಿಕೊಂಡು ವರ್ತಕರನ್ನು ಹೀನಾಯವಾಗಿ ಕಾಣುತ್ತಿದ್ದ ಕಾಲದಲ್ಲಿ ಇಲ್ಲಿಯ ಶ್ರೀಮಂತರು ತಾವೇ ಮೆಣಸಿನ ಮೂಟೆಯ ಲೆಕ್ಕವನ್ನು ಬರೆಯುತ್ತಿದ್ದರು.

ಎರಡು ರಾತ್ರಿಗಳನ್ನು ಊರೊಳಗೇ ಕಳೆಯಬೇಕೆಂಬುದು ನನ್ನ ಎರಡನೆಯ ಸೂಚನೆ. ಒಳನಾಡಿನ ಮೆಸ್ತ್ರೆಯಲ್ಲಿ ಕೊಠಡಿ ಅಗ್ಗವಾಗಿ ದೊರೆಯುವುದು ನಿಜ. ಆದರೆ ಹಗಲಿನ ಗುಂಪು ಹೋದ ಮೇಲೆ, ಕಲ್ಲಿನ ಓಣಿಗಳಲ್ಲಿ ಮನುಷ್ಯರ ಹೆಜ್ಜೆಯ ಸಪ್ಪಳವೊಂದೇ ಕೇಳುವ ಆ ಹೊತ್ತು ಮೆಸ್ತ್ರೆಗೆ ಹಿಂದಿರುಗಿದವನಿಗೆ ದಕ್ಕದು. ಇದಲ್ಲದೆ ೨೦೨೪ನೆಯ ಏಪ್ರಿಲ್ ೨೫ರಿಂದ ಮೊದಲ್ಗೊಂಡು, ಗೊತ್ತುಮಾಡಿದ ದಿನಗಳಲ್ಲಿ ಹಗಲು ಬಂದು ಹಗಲೇ ಹೋಗುವವರಿಂದ ನಗರಸಭೆಯು ಪ್ರವೇಶಶುಲ್ಕವನ್ನು ಎತ್ತಲಾರಂಭಿಸಿತು. ರಾತ್ರಿ ತಂಗುವವರಿಗೆ ಅದರಿಂದ ವಿನಾಯಿತಿ. ಬಂದುಹೋಗುವವನಿಗೂ ಇದ್ದುಹೋಗುವವನಿಗೂ ಇರುವ ಭೇದವನ್ನು ಆ ಊರೇ ಹೀಗೆ ಎತ್ತಿ ತೋರಿಸಿದೆ.

ಮೊದಲನೆಯ ದಿನದ ಮುಂಜಾವವನ್ನು ಸಂತ ಮಾರ್ಕನ ಚೌಕಕ್ಕೆ ಮೀಸಲಿಡಬೇಕು. ೮೨೮ರಲ್ಲಿ ಇಬ್ಬರು ವೆನಿಸ್ ವರ್ತಕರು ಅಲೆಕ್ಸಾಂಡ್ರಿಯಾ ನಗರದಿಂದ ಸಂತ ಮಾರ್ಕನ ಅಸ್ಥಿಗಳನ್ನು ಕದ್ದು, ಮುಸಲ್ಮಾನ ಸುಂಕದವರು ಮುಟ್ಟದಿರಲೆಂದು ಹಂದಿಮಾಂಸದ ಕೆಳಗೆ ಬಚ್ಚಿಟ್ಟು ತಂದರೆಂಬುದು ಅಲ್ಲಿಯ ಐತಿಹ್ಯ. ಊರ ದೇವರನ್ನು ಕೂಡ ಸರಕಿನಂತೆ ಹಡಗಿನಲ್ಲಿ ತಂದ ಜನರಿವರು! ಈಗಿರುವ ದೇವಾಲಯವನ್ನು ೧೦೬೩ರಲ್ಲಿ ಆರಂಭಿಸಿದರು. ಅದರ ಅಲಂಕಾರದಲ್ಲಿ ಎಷ್ಟೋ ಪಾಲು ೧೨೦೪ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ಸೂರೆಮಾಡಿದಾಗ ತಂದದ್ದು. ಪ್ರಸಿದ್ಧವಾದ ನಾಲ್ಕು ಕಂಚಿನ ಕುದುರೆಗಳೂ ಆಗ ಬಂದವೇ. ನೆಪೋಲಿಯನ್ ೧೭೯೭ರಲ್ಲಿ ಅವುಗಳನ್ನು ಪ್ಯಾರಿಸ್ಸಿಗೆ ಸಾಗಿಸಿದನು. ೧೮೧೫ರಲ್ಲಿ ಅವು ಹಿಂದಿರುಗಿದವು. ಕದ್ದವರ ಮನೆಯಿಂದ ಕದ್ದ ಒಡವೆಯ ಕಥೆ ಇದು. ಈಗ ಹೊರಗೆ ನಿಂತಿರುವುವು ಪ್ರತಿಕೃತಿಗಳು, ಮೂಲ ಕುದುರೆಗಳು ಒಳಗಣ ಸಂಗ್ರಹಾಲಯದಲ್ಲಿವೆ.

ಪಕ್ಕದಲ್ಲಿಯೇ ಡೋಜನ ಅರಮನೆ. ಡೋಜ್ ಎಂಬವನು ರಾಜನಲ್ಲ, ಆಯ್ಕೆಯಾದ ಅಧಿಪತಿ. ೧೨೬೮ರ ಅನಂತರ ಅವನನ್ನು ಆರಿಸುತ್ತಿದ್ದ ಕ್ರಮವು ವಿಚಿತ್ರವಾದುದು. ಮಹಾಸಭೆಯಿಂದ ಚೀಟಿ ಎತ್ತಿದಂತೆ ಗೋಲಿಗಳಿಂದ ಮೂವತ್ತು ಮಂದಿಯನ್ನು ತೆಗೆದು, ಅವರನ್ನು ಒಂಬತ್ತಕ್ಕೆ ಇಳಿಸಿ, ಆ ಒಂಬತ್ತು ಮಂದಿಯಿಂದ ನಲವತ್ತು ಮಂದಿಯನ್ನು ಆರಿಸಿ, ಮತ್ತೆ ಅದೃಷ್ಟ, ಮತ್ತೆ ಮತ, ಹೀಗೆ ಹಲವು ಸುತ್ತುಗಳು ಕಳೆದ ಮೇಲೆ ನಲವತ್ತೊಂದು ಮಂದಿ ಕುಳಿತು ಡೋಜನನ್ನು ನಿಶ್ಚಯಿಸುವರು. ಗೋಲಿಯನ್ನೆತ್ತುವ ಕೆಲಸ ಒಬ್ಬ ಹುಡುಗನದು. ಒಂದೇ ಮನೆತನವು ರಾಜ್ಯವನ್ನು ನುಂಗದಿರಲೆಂಬುದೇ ಇದರ ಉದ್ದೇಶ. ಆಯ್ಕೆಯಾದವನಿಗಾದರೂ ಸ್ವಾತಂತ್ರ್ಯವೆಲ್ಲಿ? ಪರರಾಜ್ಯದಿಂದ ಬಂದ ಓಲೆಯನ್ನು ಅವನು ಒಬ್ಬನೇ ಒಡೆಯುವಂತಿರಲಿಲ್ಲ. ಮಹಾಸಭೆಯ ಅಂಗಣದಲ್ಲಿ ಡೋಜರ ಚಿತ್ರಪಂಕ್ತಿಯೊಂದಿದೆ. ಅದರೊಳಗೆ ಒಂದೆಡೆ ಮುಖವಿಲ್ಲ, ಕಪ್ಪುಬಟ್ಟೆಯನ್ನು ಬರೆದಿದೆ. ತಾನೇ ಅರಸನಾಗಬೇಕೆಂದು ಒಳಸಂಚು ನಡೆಸಿ ೧೩೫೫ರಲ್ಲಿ ತಲೆ ಕೊಟ್ಟ ಮರೀನೋ ಫಾಲಿಯೇರನ ಸ್ಥಾನವದು. ತಿಂತೊರೆತ್ತೋ ಬರೆದ ಸ್ವರ್ಗದ ಮಹಾಚಿತ್ರವನ್ನು ನೋಡಿ ಬೆರಗಾಗುವವರು ಆಗಲಿ. ನನ್ನ ಮಟ್ಟಿಗೆ ಆ ಸಭಾಂಗಣದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮಾತನಾಡುವುದು ಆ ಕಪ್ಪುಬಟ್ಟೆ. ಇಷ್ಟು ಕಾವಲಿಟ್ಟುಕೊಂಡ ಗಣರಾಜ್ಯವು ೧೭೯೭ನೆಯ ಮೇ ೧೨ರಂದು ನೆಪೋಲಿಯನ್ನನ ಹೆಸರಿಗೇ ಹೆದರಿ ತನ್ನನ್ನು ತಾನು ವಿಸರ್ಜಿಸಿಕೊಂಡಿತು. ಆಸ್ಟ್ರಿಯದ ಕೈಗೂ ಫ್ರೆಂಚರ ಕೈಗೂ ಬದಲಾಗಿ ೧೮೬೬ರಲ್ಲಿ ಅದು ಇಟಲಿಯಲ್ಲಿ ಸೇರಿತು.

ಅರಮನೆಯ ಎದುರಿಗೆ ಸಂತ ಮಾರ್ಕನ ಗ್ರಂಥಾಲಯ. ಸಂಕ್ಷಿಪ್ತ ಪ್ರವಾಸದ ಪಟ್ಟಿಗಳಲ್ಲಿ ಇದರ ಹೆಸರು ಕಾಣುವುದು ಅಪರೂಪ. ಕನ್ನಡಿಗನು ಬೇರಾವುದನ್ನು ಬಿಟ್ಟರೂ ಇದನ್ನು ಬಿಡಬಾರದು. ಹದಿನೈದನೆಯ ಶತಮಾನದ ನಡುವೆ ಫ್ರಾ ಮೌರೋ ಎಂಬ ಸನ್ಯಾಸಿಯು ರಚಿಸಿದ ದುಂಡನೆಯ ಭೂಪಟವು ಇಲ್ಲಿರುವುದು. ಸುಮಾರು ಎರಡು ಮೀಟರ್ ಅಗಲದ ಆ ಪಟದಲ್ಲಿ ದಕ್ಷಿಣದಿಕ್ಕು ಮೇಲಕ್ಕಿದೆ. ಆದ್ದರಿಂದ ಇಂಡಿಯಾ ದೇಶವನ್ನು ಹುಡುಕುವಾಗ ನಮ್ಮ ಕಣ್ಣು ಮೊದಲು ತಬ್ಬಿಬ್ಬಾಗುವುದು. ತಾನು ಮಠವನ್ನು ಬಿಟ್ಟು ದೂರ ಹೋಗದ ಈ ಸನ್ಯಾಸಿಗೆ ಪೂರ್ವದೇಶಗಳ ವರ್ತಮಾನವನ್ನು ಒದಗಿಸಿದವರಲ್ಲಿ ನಿಕೊಲೊ ಕೊಂತಿಯೂ ಒಬ್ಬನೆಂದು ವಿದ್ವಾಂಸರ ಮತ. ವೆನಿಸ್ಸಿನ ಸಮೀಪದ ಕಿಯೊಜ್ಜಾ ಎಂಬ ಊರಿನ ಈ ವರ್ತಕನು ಸುಮಾರು ೧೪೨೦ರಲ್ಲಿ ವಿಜಯನಗರವನ್ನು ಕಂಡನು. ಮುಂದೆ ಪ್ರಾಣಭಯದಿಂದ ಕ್ರೈಸ್ತಮತವನ್ನು ತೊರೆದ ತಪ್ಪಿಗೆ ಪೋಪನಲ್ಲಿ ಕ್ಷಮೆ ಕೇಳಿದಾಗ, ಕಂಡದ್ದನ್ನೆಲ್ಲ ಹೇಳಿ ಬರೆಯಿಸೆಂಬುದೇ ಅವನಿಗೆ ಪ್ರಾಯಶ್ಚಿತ್ತವಾಯಿತಂತೆ. ಪೋಪನ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲೀನಿ ಅದನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು. ನಮ್ಮ ರಾಜಧಾನಿಯ ಸುತ್ತಳತೆ ಅರವತ್ತು ಮೈಲಿಗಳೆಂದು ಹೇಳುವ ವರ್ಣನೆಯು ಅದೇ.

ಇನ್ನೊಬ್ಬ ವೆನಿಸ್ ವರ್ತಕನ ಕಥೆ ಇದಕ್ಕೆ ವ್ಯತಿರಿಕ್ತವಾದುದು. ಚೆಸರೆ ಫೆದೆರೀಚಿ ಎಂಬ ರತ್ನವ್ಯಾಪಾರಿಯು ೧೫೬೭ರಲ್ಲಿ, ಎಂದರೆ ತಾಳೀಕೋಟೆಯ ಯುದ್ಧವಾಗಿ ಎರಡು ವರ್ಷಗಳ ತರುವಾಯ, ಗೋವೆಯ ಕಡೆಯಿಂದ ವಿಜಯನಗರಕ್ಕೆ ಬಂದು ಏಳು ತಿಂಗಳು ನಿಂತನು. ನಗರವು ಪೂರ್ತಿಯಾಗಿ ಹಾಳಾಗಿರಲಿಲ್ಲ, ಮನೆಗಳು ನಿಂತೇ ಇದ್ದವು. ಆದರೆ ಅವು ಬರಿದಾಗಿದ್ದವು, ಅವುಗಳಲ್ಲಿ ಹುಲಿ ಮೊದಲಾದ ಕಾಡುಮೃಗಗಳು ಸೇರಿದ್ದವು ಎಂದು ಅವನು ಬರೆದನು. ಅವನ ಪುಸ್ತಕವು ೧೫೮೭ರಲ್ಲಿ ವೆನಿಸ್ಸಿನಲ್ಲಿಯೇ ಅಚ್ಚಾಯಿತು. ಹಂಪೆಯ ಕೊನೆಯ ದಿನಗಳ ಬಗ್ಗೆ ಕಣ್ಣಾರೆ ಕಂಡವರ ಸಾಕ್ಷ್ಯವು ಎಷ್ಟು ವಿರಳವೆಂಬುದನ್ನು ಬಲ್ಲವರಿಗೆ ಈ ಸಣ್ಣ ಗ್ರಂಥದ ಬೆಲೆಯೂ ಗೊತ್ತು.

ಮಧ್ಯಾಹ್ನದ ಮೇಲೆ ನಡೆದೇ ರಿಯಾಲ್ತೊ ಸೇತುವೆಗೆ ಹೋಗಬೇಕು. ದಾರಿ ತಪ್ಪುವುದು ಖಂಡಿತ, ತಪ್ಪಿದರೆ ನಷ್ಟವಿಲ್ಲ. ೧೫೮೮ರಿಂದ ೧೫೯೧ರವರೆಗೆ ಕಟ್ಟಿದ ಈ ಒಂಟಿ ಕಮಾನಿನ ಕಲ್ಲುಸೇತುವೆಯು ೧೮೫೪ರವರೆಗೂ ಮಹಾಕಾಲುವೆಗೆ ಒಂದೇ ಸೇತುವೆಯಾಗಿತ್ತು. ಅದರ ಮೇಲೆ ನಿಂತು ಛಾಯಾಚಿತ್ರ ತೆಗೆಯುವವರ ಸಂದಣಿಯಲ್ಲಿ, ಬುಡದಲ್ಲಿರುವ ದೊಡ್ಡ ಚದರ ಕಟ್ಟಡವನ್ನು ಕೇಳುವವರಿಲ್ಲ. ಅದು ಜರ್ಮನ್ ವರ್ತಕರ ಛತ್ರ. ಆ ದೇಶದಿಂದ ಬಂದ ವ್ಯಾಪಾರಿಗಳು ಇಲ್ಲಿಯೇ ಇಳಿಯಬೇಕು, ಇಲ್ಲಿಯೇ ಕೊಳ್ಳಬೇಕು, ಸುಂಕವನ್ನು ಇಲ್ಲಿಯೇ ತೆರಬೇಕು ಎಂದು ಸರ್ಕಾರದ ಕಟ್ಟಪ್ಪಣೆ. ೧೫೦೫ರಲ್ಲಿ ಹಳೆಯದು ಸುಟ್ಟುಹೋಗಲು ಮೂರೇ ವರ್ಷಗಳಲ್ಲಿ ಹೊಸದನ್ನು ಎಬ್ಬಿಸಿದರು. ಅವರು ಕೊಳ್ಳುತ್ತಿದ್ದ ಸರಕುಗಳಲ್ಲಿ ಮುಖ್ಯವಾದದ್ದು ಮೆಣಸು: ಮಲಬಾರಿನಲ್ಲಿಯೂ ನಮ್ಮ ಮಲೆನಾಡಿನ ತಪ್ಪಲಿನಲ್ಲಿಯೂ ಬೆಳೆದು, ಅರಬ್ಬರ ಹಡಗಿನಲ್ಲಿ ಕೆಂಪುಸಮುದ್ರವನ್ನು ಸೇರಿ, ಒಂಟೆಯ ಮೇಲೆ ಮರಳನ್ನು ದಾಟಿ, ಅಲೆಕ್ಸಾಂಡ್ರಿಯದಲ್ಲಿ ವೆನಿಸ್ಸಿನವರ ಕೈಗೆ ಬಂದ ಮೆಣಸು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದದ್ದನ್ನು ಇಲ್ಲಿ ನೆನೆಯಬಹುದು.

ವಾಸ್ಕೊ ಡ ಗಾಮನು ೧೪೯೮ರಲ್ಲಿ ಕಲ್ಲಿಕೋಟೆಯನ್ನು ಮುಟ್ಟಿದನು. ಮೆಣಸು ಹೇರಿದ ಪೋರ್ಚುಗೀಸ್ ಹಡಗುಗಳು ಲಿಸ್ಬನ್ನಿಗೆ ಬಂದ ಸುದ್ದಿಯು ೧೫೦೧ರಲ್ಲಿ ರಿಯಾಲ್ತೊ ಪೇಟೆಗೆ ಬಂದಾಗ, ಸ್ವಾತಂತ್ರ್ಯವನ್ನೇ ಕಳೆದುಕೊಂಡ ವಾರ್ತೆಯೊಂದನ್ನುಳಿದರೆ ಇದಕ್ಕಿಂತ ಕೆಟ್ಟ ವಾರ್ತೆಯಿಲ್ಲವೆಂದು ಬಲ್ಲವರು ಭಾವಿಸಿದರೆಂದು ಜಿರೊಲಮೊ ಪ್ರಿಯುಲಿ ಎಂಬ ಸಾಹುಕಾರನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ವೆನಿಸ್ ಅಂದೇ ಬಿತ್ತೆಂದು ಶಾಲೆಯ ಪುಸ್ತಕಗಳು ಹೇಳುವುದುಂಟು, ಅದು ಸರಿಯಲ್ಲ. ಹದಿನಾರನೆಯ ಶತಮಾನದ ನಡುವೆ ಕೆಂಪುಸಮುದ್ರದ ದಾರಿ ಮತ್ತೆ ಚೇತರಿಸಿಕೊಂಡು ವೆನಿಸ್ಸಿಗೆ ಮೆಣಸು ಧಾರಾಳವಾಗಿ ಬಂದಿತೆಂಬುದನ್ನು ಸಂಶೋಧಕರು ತೋರಿಸಿದ್ದಾರೆ. ಆ ವ್ಯಾಪಾರಕ್ಕೆ ಬೆಲೆಯಾಗಿ ಬಂದ ವೆನಿಸ್ಸಿನ ಚಿನ್ನದ ನಾಣ್ಯಗಳು ನಮ್ಮ ಪಶ್ಚಿಮ ತೀರದ ನಿಕ್ಷೇಪಗಳಲ್ಲಿ ದೊರೆತಿವೆ. ಧ್ವಜದಂಡದ ಮುಂದೆ ಮಂಡಿಯೂರಿದ ಡೋಜನ ಚಿತ್ರವನ್ನು ಕಂಡು, ಮಲಬಾರಿನ ಕಡೆಯ ಜನರು ಮರ ಹತ್ತುವ ಈಚಲಿಗನೆಂದು ತಿಳಿದು, ಅದಕ್ಕೆ ಶಾಣಾರ ಕಾಸೆಂದು ಹೆಸರಿಟ್ಟರು. ಗಣರಾಜ್ಯದ ಅಧಿಪತಿಗೆ ಇಂಥ ಬಿರುದು ದೊರೆತೀತೆಂದು ಯಾರು ಎಣಿಸಿದ್ದರು!

ಬಿಡಬೇಕಾದುದು: ಮುರಾನೊ ದ್ವೀಪದ ಗಾಜಿನಂಗಡಿಗಳು. ಬೆಂಕಿಯ ಭಯದಿಂದ ೧೨೯೧ರಲ್ಲಿ ಕುಲುಮೆಗಳನ್ನು ಅಲ್ಲಿಗೆ ಸಾಗಿಸಿದರೆಂಬುದು ತಿಳಿದರೆ ಸಾಕು. ಗೊಂಡೋಲ ಸವಾರಿಯನ್ನೂ ದುಡ್ಡುಳ್ಳವರಿಗೆ ಬಿಡಬಹುದು. ೧೫೧೬ರಲ್ಲಿ ಯಹೂದ್ಯರನ್ನು ಕೂಡಿಹಾಕಿ ರಾತ್ರಿ ಬಾಗಿಲಿಗೆ ಬೀಗವಿಡುತ್ತಿದ್ದ ಘೆಟ್ಟೋ ಕೇರಿಗೆ ಮಾತ್ರ ಒಂದು ಗಂಟೆಯನ್ನು ಉಳಿಸಿಕೊಳ್ಳಬೇಕು. ಲೋಕಕ್ಕೆಲ್ಲ ಹರಡಿದ ಆ ಕೆಟ್ಟ ಹೆಸರು ಹುಟ್ಟಿದ್ದು ಇಲ್ಲಿ.

ಕಾಲದ ಆಯ್ಕೆಯ ವಿಷಯದಲ್ಲಿ ಒಂದು ಮಾತು. ಶರತ್ಕಾಲದ ಕೊನೆ ಮತ್ತು ಚಳಿಗಾಲದಲ್ಲಿ ಜನ ಕಡಿಮೆ, ನೀರು ಹೆಚ್ಚು. ೧೯೬೬ನೆಯ ನವೆಂಬರ್ ೪ರಂದು ಭರತವು ೧೯೪ ಸೆಂಟಿಮೀಟರ್ ಏರಿತು. ೨೦೧೯ನೆಯ ನವೆಂಬರ್ ೧೨ರಂದು ೧೮೭. ಹಿನ್ನೀರಿನ ಮೂರು ಬಾಯಿಗಳಲ್ಲಿ ಎಪ್ಪತ್ತೆಂಟು ಕದಗಳನ್ನು ಸಮುದ್ರದ ತಳದಲ್ಲಿ ಮಲಗಿಸಿ, ಬೇಕಾದಾಗ ಎಬ್ಬಿಸುವ ಏರ್ಪಾಡು ೨೦೨೦ನೆಯ ಅಕ್ಟೋಬರ್ ೩ರಂದು ಮೊದಲ ಬಾರಿಗೆ ಭರತವನ್ನು ತಡೆಯಿತು. ಸಮುದ್ರವನ್ನು ಹೀಗೆ ಹೊರಗಿಟ್ಟರೂ ಜನರು ಊರನ್ನು ಬಿಡುವುದು ನಿಂತಿಲ್ಲ. ೧೯೫೧ರಲ್ಲಿ ಹಳೆಯ ನಗರದ ನಿವಾಸಿಗಳು ಸುಮಾರು ೧,೭೫,೦೦೦. ೨೦೨೨ರಲ್ಲಿ ಆ ಸಂಖ್ಯೆ ೫೦,೦೦೦ಕ್ಕಿಂತ ಕೆಳಗಿಳಿಯಿತು. ಮನೆಗಳು ಪ್ರವಾಸಿಗಳ ಬಿಡದಿಗಳಾಗುತ್ತಿವೆ. ಫೆದೆರೀಚಿ ಹಂಪೆಯಲ್ಲಿ ಕಂಡ ನಿಂತಿರುವ ಬರಿದು ಮನೆಗಳನ್ನು ಓದಿದವನಿಗೆ, ರಾತ್ರಿ ಅವನ ಊರಿನ ಕಾಲುವೆಗಳಲ್ಲಿ ದೀಪವಿಲ್ಲದ ಕಿಟಕಿಗಳ ಸಾಲನ್ನು ನೋಡುವಾಗ ಏನನ್ನಿಸೀತು?

ಎರಡನೆಯ ದಿನವೆಲ್ಲ ತೊರ್ಚೆಲ್ಲೊ ದ್ವೀಪಕ್ಕೆ. ಉತ್ತರದ ಹೊಸದಂಡೆಯಿಂದ ಹೊರಡುವ ದೋಣಿಯು ಮೊದಲು ಸಂತ ಮಿಕೇಲನ ದ್ವೀಪದ ಪಕ್ಕದಲ್ಲಿ ಸಾಗುವುದು. ಈಗ ಅದು ಊರಿನ ರುದ್ರಭೂಮಿ, ಹಿಂದೆ ಫ್ರಾ ಮೌರೋ ಭೂಪಟವನ್ನು ಬರೆದ ಮಠವಿದ್ದುದು ಅಲ್ಲಿಯೇ. ಬುರಾನೊ ಎಂಬಲ್ಲಿ ದೋಣಿಯನ್ನು ಬದಲಿಸಬೇಕು. ತೊರ್ಚೆಲ್ಲೊ ವೆನಿಸ್ಸಿಗಿಂತ ಹಿರಿಯದು. ಅಲ್ಲಿಯ ಪ್ರಧಾನ ದೇವಾಲಯವು ೬೩೯ರಲ್ಲಿ ಸ್ಥಾಪಿತವಾದುದು. ಚಿನ್ನದ ಹರಳುಗಳ ಹಿನ್ನೆಲೆಯಲ್ಲಿ ಒಬ್ಬಳೇ ನಿಂತ ಮಾತೆ ಮರಿಯಳು, ಎದುರಿನ ಗೋಡೆಯಲ್ಲಿ ಕೊನೆಯ ತೀರ್ಪಿನ ದಿನ. ಒಂದು ಕಾಲದಲ್ಲಿ ಸಾವಿರಾರು ಮಂದಿ ಬಾಳಿದ ಪಟ್ಟಣವಿದು. ಹೂಳು ತುಂಬಿತು, ಚಳಿಜ್ವರ ಹರಡಿತು, ಜನರು ವೆನಿಸ್ಸಿಗೆ ಹೋದರು. ಮನೆಗಳ ಕಲ್ಲುಗಳನ್ನೂ ಅಲ್ಲಿಯ ಕಟ್ಟಡಗಳಿಗಾಗಿ ಬಿಚ್ಚಿ ಒಯ್ದರು. ಈಗಿನ ನಿವಾಸಿಗಳನ್ನು ಬೆರಳಿನಲ್ಲಿ ಎಣಿಸಬಹುದು. ದೇವಾಲಯದ ಮುಂದಿನ ಹುಲ್ಲಿನಲ್ಲಿ ಅತ್ತಿಲನ ಸಿಂಹಾಸನವೆಂದು ತೋರಿಸುವ ಕಲ್ಲಿನ ಪೀಠವೊಂದಿದೆ. ಹೂಣರ ಅತ್ತಿಲನು ಅದರಲ್ಲಿ ಎಂದೂ ಕುಳಿತವನಲ್ಲ, ಅವನಿಗೆ ಹೆದರಿ ಓಡಿಬಂದವರ ದ್ವೀಪವಿದು; ಆದರೂ ಬಂದವರೆಲ್ಲ ಒಮ್ಮೆ ಅದರ ಮೇಲೆ ಕುಳಿತೇಳುವರು. ಹಿಂದಿರುಗುವ ದೋಣಿಗಳು ಬಹಳವಿಲ್ಲ. ಇಳಿದೊಡನೆಯೇ ದಡದ ಹಲಗೆಯಲ್ಲಿ ಅವುಗಳ ವೇಳೆಯನ್ನು ನೋಡಿಟ್ಟುಕೊಂಡರೆ, ಗಂಟೆಗೋಪುರವನ್ನು ಹತ್ತಿ ಸಂಜೆಯ ಬೆಳಕಿನಲ್ಲಿ ಹಿನ್ನೀರನ್ನೆಲ್ಲ ಒಮ್ಮೆ ನೋಡಲು ಸಮಯವಿರುತ್ತದೆ.