ಜೇಕು: ಹೊಲದ ಕಸ, ಬಾವಿಯ ಮದ್ದು

ಜಮಖಂಡಿ ತಾಲ್ಲೂಕಿನ ತುಬಚಿ ಕೃಷ್ಣೆಯ ದಂಡೆಯ ಊರು. ಹೊಳೆನೀರು, ಎರೆಮಣ್ಣು, ಕಬ್ಬು. ಈ ಸೀಮೆಯ ರೈತರಿಗೆ ಜೇಕಿನಷ್ಟು ಹಟಮಾರಿ ಕಸ ಇನ್ನೊಂದಿಲ್ಲ. ಮಣ್ಣಿನೊಳಗೆ ಗಡ್ಡೆಗೆ ಗಡ್ಡೆ ಪೋಣಿಸಿಕೊಂಡು ಹಬ್ಬುತ್ತದೆ. ಸರ ತುಂಡಾಗದಿದ್ದರೆ ತುದಿಯ ಗಡ್ಡೆ ಚಿಗುರಿ ಉಳಿದವು ನಿದ್ದೆಯಲ್ಲಿರುತ್ತವೆ. ಕುಂಟೆ ಹೊಡೆದು ತುಂಡರಿಸಿದಿರೋ, ಎಲ್ಲವೂ ಏಳುತ್ತವೆ. 1977ರಲ್ಲಿ ಹೋಮ್ ಮತ್ತು ಸಂಗಡಿಗರು ಪ್ರಕಟಿಸಿದ ಜಗತ್ತಿನ ಅತಿ ಕೆಟ್ಟ ಕಳೆಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಇದಕ್ಕೇ.

ಗ್ರಂಥಿಗೆ ಅಂಗಡಿಯಲ್ಲಿ ಇದೇ ಗಡ್ಡೆ ಭದ್ರಮುಷ್ಟಿ. ಸಂಸ್ಕೃತದಲ್ಲಿ ಮುಸ್ತಾ. ಕಾಳಿದಾಸನ ಶಾಕುಂತಲದಲ್ಲಿ ಕಾಡುಹಂದಿಗಳು ಇದನ್ನು ಅಗೆದು ತಿನ್ನುವುದು ಹೊಂಡದಲ್ಲಿ. 16ನೇ ಶತಮಾನದ ಭಾವಪ್ರಕಾಶವೂ ಜೌಗು ನೆಲದ ಮುಸ್ತೆಯೇ ಶ್ರೇಷ್ಠ ಎನ್ನುತ್ತದೆ. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಇದನ್ನು ಎರಡು ಕಡೆ ತರುತ್ತಾನೆ. ಒಂದು, ಸುಗಂಧ ತಯಾರಿಕೆಯ ಅಧ್ಯಾಯ, ಅದು ನಿರೀಕ್ಷಿತವೇ. ಇನ್ನೊಂದು, ನನಗೆ ಹೆಚ್ಚು ಕುತೂಹಲದ್ದು, ಅಂತರ್ಜಲದ ಅಧ್ಯಾಯ: ಬಾವಿಯ ನೀರು ಕಲಕಿದ್ದರೆ, ಉಪ್ಪಾಗಿದ್ದರೆ, ನಾರುತ್ತಿದ್ದರೆ ಮುಸ್ತೆ, ಲಾವಂಚ, ನೆಲ್ಲಿ ಮುಂತಾದವನ್ನು ಚಿಲ್ಲದ ಬೀಜದೊಂದಿಗೆ ಹಾಕಬೇಕು. ಅಂತರ್ಜಲ, ಗಿಡಮರ, ಸುಗಂಧ ಎಲ್ಲವನ್ನೂ ಒಂದೇ ಹೊತ್ತಗೆಯಲ್ಲಿ ಕಟ್ಟುವ ಈ ಕ್ರಮ ಕನ್ನಡಕ್ಕೂ ಬಂತು. ಇಮ್ಮಡಿ ಚಾವುಂಡರಾಯನ ಲೋಕೋಪಕಾರ (1025) ಅಂಥದ್ದೇ ಗ್ರಂಥ.

ಹಾಗಾದರೆ ಮದ್ದು ಪೀಡೆಯಾದದ್ದು ಹೇಗೆ? ಉತ್ತರ ಗಿಡದಲ್ಲಿಲ್ಲ, ಬೇಸಾಯದಲ್ಲಿದೆ ಎಂಬುದು ನನ್ನ ತರ್ಕ. ಮಳೆಯಾಶ್ರಿತ ಜೋಳದ ಹೊಲದಲ್ಲಿ ಮಾಗಿ ಉಳುಮೆ ಇತ್ತು. ಮೇಲೆದ್ದ ಗಡ್ಡೆ ಬೇಸಿಗೆಯ ಬಿಸಿಲಿಗೆ ಒಣಗಿ ಸಾಯುತ್ತಿತ್ತು. ಕಬ್ಬು ಬಂದ ಮೇಲೆ, ಅದರ ಹಿಂದೆ ಕುಳೆ ಬಂದ ಮೇಲೆ, ನೆಲಕ್ಕೆ ಒಣಗುವ ಕಾಲವೇ ಇಲ್ಲ. ನೀರು ಹೆಚ್ಚಾದ ಕಡೆ ಸವಳು-ಜವಳು. ಜೌಗಿನ ಗಿಡಕ್ಕೆ ನಾವೇ ಜೌಗು ಮಾಡಿಕೊಟ್ಟು, ಈಗ ಕಳೆನಾಶಕ ಸಿಂಪಡಿಸುತ್ತಿದ್ದೇವೆ. ಅಂಥ ಹೊಲದ ಗಡ್ಡೆಯನ್ನು ಮದ್ದಿಗೆ ಕೀಳುವ ಧೈರ್ಯ ಯಾರಿಗಿದೆ?

ಬೇಕೆಂದವರು ಮನೆಯಲ್ಲೇ ಬೆಳೆಸಬಹುದು, ಆದರೆ ನೆಲದಲ್ಲಿ ಬೇಡ. ತಳದಲ್ಲಿ ತೂತಿಲ್ಲದ ತೊಟ್ಟಿಯಲ್ಲಿ ಅರ್ಧ ಮಣ್ಣು ತುಂಬಿ, ಎರಡು ಗಡ್ಡೆ ಊರಿ, ಮಣ್ಣು ಸದಾ ಹಸಿಯಾಗಿರುವಷ್ಟು ನೀರು ಕೊಟ್ಟರೆ ಸಾಕು. ಮೂರು ಮೂಲೆಯ ದಂಟಿನ ತುದಿಗೆ ಕಂದು ತೆನೆ ಬರುತ್ತದೆ. ವರ್ಷಕ್ಕೊಮ್ಮೆ ತೊಟ್ಟಿ ಬರಿದು ಮಾಡಿ ಗಡ್ಡೆ ತೊಳೆದು ಬಿಸಿಲಿಗೆ ಹರವಿ. ಒಣಗಿದ ಗಡ್ಡೆ ಜಜ್ಜಿದರೆ ಘಮ ಗೊತ್ತಾಗುತ್ತದೆ. ಹಸಿ ಗಡ್ಡೆ ಮಾತ್ರ ತಿಪ್ಪೆಗೆ ಹಾಕಬೇಡಿ, ಗೊಬ್ಬರದ ಗಾಡಿ ಹತ್ತಿ ಮತ್ತೆ ಹೊಲ ಸೇರುತ್ತದೆ.